ಮೇಜಿಗೆ ಮೂರೂವರೆ ಕಾಲು

ನಿನ್ನೆ ರಾತ್ರಿ ತರಿಸಿಕೊಂಡ ಸೂಪಿನಲ್ಲಿ ಅರ್ಧ ನನ್ನ ಹೊಟ್ಟೆಗೆ ಹೋಯಿತು, ಇನ್ನರ್ಧ ಮಡಿಲಿಗೆ. ಚೆಲ್ಲಿದ್ದು ನಾನಲ್ಲ, ಸಪ್ಲೈಯರ್ ಕೂಡ ಅಲ್ಲ, ಮೇಜು. ಚಮಚ ಎತ್ತಿಕೊಳ್ಳೋಣವೆಂದು ಮೊಣಕೈ ಊರಿದೆ, ಅದು ಬಹಳ ವಿನಯದಿಂದ ನನ್ನ ಕಡೆಗೆ ಬಾಗಿತು. ಬಟ್ಟೆ ನೆನೆಹಾಕಿ ಬಂದು ಕುಳಿತು ಬರೆಯುತ್ತಿದ್ದೇನೆ. ಭಾಷೆ ಎಲ್ಲಾದರೂ ಬಿಸಿಯಾಗಿದ್ದರೆ ಅದು ಸೂಪಿನ ಪ್ರಭಾವ.

ಹೊಸ ಹೊಸ ಹೋಟೆಲುಗಳನ್ನು ಹುಡುಕಿಕೊಂಡು ಹೋಗುವ ಚಟವಿದ್ದವರಿಗೆ ಈ ಮೇಜಿನ ಪರಿಚಯ ಇದ್ದೇ ಇರುತ್ತದೆ. ಒಳಗೆ ಕಾಲಿಟ್ಟರೆ ಗೋಡೆಗೆ ಹೊಸ ಬಣ್ಣ, ಎದ್ದು ನಿಂತರೆ ತಲೆಗೆ ತಾಗುವಷ್ಟು ಕೆಳಗೆ ತೂಗಿಬಿಟ್ಟ ದೀಪ, ನಿಜದ್ದೋ ಪ್ಲಾಸ್ಟಿಕ್ಕಿನದೋ ಎಂದು ಎಲ್ಲರೂ ಉಗುರಿನಿಂದ ಚಿವುಟಿ ನೋಡಿದ ಗಿಡ. ಇಷ್ಟಕ್ಕೆಲ್ಲ ಕೈಬಿಚ್ಚಿ ಖರ್ಚು ಮಾಡಿದ ಪುಣ್ಯಾತ್ಮ, ಮೇಜಿನ ನಾಲ್ಕನೆಯ ಕಾಲಿನ ಹತ್ತಿರ ಬರುವಷ್ಟರಲ್ಲಿ ಉಳಿತಾಯದ ಮಹತ್ವವನ್ನು ಅರಿತುಕೊಂಡಿರುತ್ತಾನೆ.

ಮೆನು ಕಾರ್ಡಿನ ಕಥೆಯೂ ಈಗ ಮೇಜಿಗೇ ಅಂಟಿಕೊಂಡಿದೆ. ಕಪ್ಪು ಬಿಳುಪು ಚೌಕಳಿಯ ಕ್ಯೂಆರ್ ಕೋಡ್ ಒಂದನ್ನು ಮೇಜಿನ ನಡುಮಧ್ಯಕ್ಕೆ ಅಂಟಿಸಿರುತ್ತಾರೆ. ಅದು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ವಾಹನಗಳ ಬಿಡಿಭಾಗಗಳ ಲೆಕ್ಕ ಇಡಲೆಂದು ರೂಪಿಸಿದ್ದು. ಥಟ್ಟನೆ ಓದುವಂತಿರಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ಥಟ್ಟನೆ ಓದಬಹುದು, ನಿಜ. ಎದುರಿಗೆ ಕುಳಿತವರು ಅದೇ ಗಳಿಗೆಯಲ್ಲಿ ತಮ್ಮ ಮೊಬೈಲನ್ನು ಸರಿಯಾಗಿ ಹಿಡಿಯಲೆಂದು ಮೇಜಿಗೆ ಕೈಯೂರದಿದ್ದರೆ. ಅವರು ಊರುತ್ತಾರೆ, ನನ್ನ ಕಡೆ ಏಳುತ್ತದೆ. ನಾನು ಊರುತ್ತೇನೆ, ಅವರ ಕಡೆ ಏಳುತ್ತದೆ. ಹಸಿದ ಹೊಟ್ಟೆಯಲ್ಲಿ ಇಬ್ಬರು ವಯಸ್ಕರು ಹೀಗೆ ಏರಿಳಿಯಾಟ ಆಡುವುದನ್ನು ಪಕ್ಕದ ಮೇಜಿನ ಮಗು ಅಸೂಯೆಯಿಂದ ನೋಡುತ್ತದೆ.

ನನ್ನ ಜೊತೆಗೆ ಬರುವವರು ಭಾವ. ನಾನು ಹೋಗುವುದು ರುಚಿ ನೋಡಲು, ಮನೆಗೆ ಬಂದು ನಾಲ್ಕು ಸಾಲು ಬರೆದಿಡಲು. ಭಾವ ಬರುವುದು ಮೇಜು ನೋಡಲು. ಕುರ್ಚಿ ಎಳೆದುಕೊಂಡವರೇ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು, ಅರೆಗಣ್ಣು ಮುಚ್ಚಿ, ಮೂಲೆಯಿಂದ ಮೂಲೆಗೆ ಒತ್ತುತ್ತಾ ಅದರ ನಾಡಿ ಹಿಡಿಯುತ್ತಾರೆ. ಆಮೇಲೆ ತಲೆಯಾಡಿಸಿ, "ನಿನ್ನ ಕಡೆಯ ಒಳಗಾಲು" ಎಂದು ರೋಗನಿರ್ಣಯ ಮಾಡುತ್ತಾರೆ. ಚಿಕಿತ್ಸೆ ಟಿಶ್ಯೂ ಕಾಗದದಿಂದ ಆರಂಭ. ಎರಡು ಮಡಿಕೆ, ನಾಲ್ಕು ಮಡಿಕೆ, ಎಂಟು ಮಡಿಕೆ. ಒರೆಸಿದ ನೆಲದ ತೇವ ಕುಡಿದು ಅದು ಕುಸಿಯುತ್ತದೆ ಎಂದು ಪ್ರತಿ ಸಲವೂ ಅವರೇ ಹೇಳುತ್ತಾರೆ, ಪ್ರತಿ ಸಲವೂ ಅದರಿಂದಲೇ ಆರಂಭಿಸುತ್ತಾರೆ. ಬಿಲ್ಲಿನ ಕಾಗದ ಜಾರುತ್ತದಂತೆ. ಬಾಟಲಿಯ ಮುಚ್ಚಳ ತೀರಾ ದಪ್ಪವಂತೆ. ಸರ್ವಶ್ರೇಷ್ಠವಾದದ್ದು ಆಯಾ ಹೋಟೆಲಿನ ವಿಳಾಸದ ಕಾರ್ಡು. ಗಲ್ಲಾದ ಮೇಲಿಟ್ಟಿರುವ ಆ ಕಾರ್ಡುಗಳನ್ನು ಭಾವ ಹಿಡಿ ತುಂಬ ಎತ್ತಿಕೊಂಡು ಬರುವಾಗ, ಈ ಮನುಷ್ಯ ಊರಿಗೆಲ್ಲ ನಮ್ಮ ಹೆಸರು ಹಂಚುತ್ತಾನೆ ಎಂದು ಗಲ್ಲಾದಲ್ಲಿ ಕುಳಿತವರ ಮುಖ ಅರಳುತ್ತದೆ. ಆ ಹೆಸರು ಮುಂದಿನ ನಿಮಿಷದಲ್ಲಿ ಎಲ್ಲಿರುತ್ತದೆಂದು ಪಾಪ ಅವರಿಗೇನು ಗೊತ್ತು.

ಕೆಲವು ಮೇಜುಗಳ ಪಾದದಡಿಯಲ್ಲಿ ತಿರುಪು ಇರುತ್ತದೆ. ಅದನ್ನು ತಿರುಗಿಸಿದರೆ ಕಾಲು ಬೇಕಾದಷ್ಟು ಉದ್ದವಾಗುತ್ತದೆ. ಮೇಜು ಅಲುಗಬಾರದೆಂದು ಅದನ್ನು ಮಾಡಿದವರೇ ಯೋಚಿಸಿ ಇಟ್ಟ ಉಪಾಯ ಇದು. ಈ ರಹಸ್ಯ ಮೇಜು ಮಾಡಿದವರಿಗೆ ಗೊತ್ತು, ಭಾವನಿಗೆ ಗೊತ್ತು. ನಡುವಿನಲ್ಲಿ ಅದನ್ನು ಕೊಂಡು ಹಾಕಿದ ಹೋಟೆಲಿನವರಿಗೆ ಮಾತ್ರ ಗೊತ್ತಿಲ್ಲ. ಹಾಗಾಗಿ ಭಾವ ಮೇಜಿನ ಕೆಳಗಿರುವಾಗಲೇ ಸಪ್ಲೈಯರ್ ಬರುವುದು ವಾಡಿಕೆ.

"ಒಬ್ಬರೇ ಇದ್ದೀರಾ ಮೇಡಂ?"

"ಇಬ್ಬರು."

ಆತ ಖಾಲಿ ಕುರ್ಚಿಯನ್ನೂ ನನ್ನನ್ನೂ ಕರುಣೆಯಿಂದ ನೋಡುತ್ತಿರುವಾಗ ಕೆಳಗಿನಿಂದ ಒಂದು ದನಿ ಬರುತ್ತದೆ: "ನನಗೆ ಖಾರ ಕಡಿಮೆ."

ಇದು ಸಾಲದೆಂಬಂತೆ ಭಾವನ ಬೆನ್ನಿಗೆ ಇತಿಹಾಸವೂ ನಿಂತಿದೆ. ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಷೆಲಿನ್ ಕೈಪಿಡಿಯ ಹೆಸರು ಕೇಳಿರುತ್ತೀರಿ. ಫ್ರಾನ್ಸಿನ ಟೈರ್ ಕಂಪನಿಯ ಸೋದರರು 1900ರಲ್ಲಿ ಅದನ್ನು ಹೊರತಂದದ್ದು, ಜನ ಕಾರಿನಲ್ಲಿ ಹೆಚ್ಚು ಹೆಚ್ಚು ತಿರುಗಲಿ, ಟೈರು ಸವೆಯಲಿ ಎಂಬ ಸದುದ್ದೇಶದಿಂದ. ಮೊದಲ ಇಪ್ಪತ್ತು ವರ್ಷ ಪುಕ್ಕಟೆ ಹಂಚಿದರು. ಆಮೇಲೊಂದು ದಿನ ಸೋದರರಲ್ಲಿ ಒಬ್ಬರಾದ ಆಂದ್ರೆ ಮಿಷೆಲಿನ್ ಒಂದು ಟೈರಿನ ಅಂಗಡಿಗೆ ಹೋದರೆ, ತಮ್ಮ ಮುದ್ದಿನ ಕೈಪಿಡಿಗಳನ್ನು ಅಲ್ಲಿಯ ಕೆಲಸದ ಮೇಜಿಗೆ ಆಸರೆಯಾಗಿ ಕೊಟ್ಟಿದ್ದರಂತೆ! ದುಡ್ಡು ಕೊಟ್ಟದ್ದಕ್ಕೆ ಮಾತ್ರ ಮನುಷ್ಯ ಬೆಲೆ ಕೊಡುತ್ತಾನೆಂದು ಅವರಿಗೆ ಮನವರಿಕೆಯಾಗಿ, 1920ರಿಂದ ಮಾರಲು ತೊಡಗಿದರು. ಕಂಪನಿಯೇ ಹೇಳಿಕೊಳ್ಳುವ ಕಥೆ ಇದು. ಭಾವನನ್ನು ನಾಚಿಸಲೆಂದು ನಾನು ಇದನ್ನು ಹೇಳಿದರೆ, ಅವರು ಕಣ್ಣರಳಿಸಿ, "ಎಷ್ಟು ಪುಟ ಇತ್ತು ಅದರಲ್ಲಿ?" ಎಂದು ಕೇಳಿದರು.

ಮುಂದೆ 1926ರಲ್ಲಿ ನಕ್ಷತ್ರಗಳು ಬಂದವು, 1931ರಲ್ಲಿ ಅವು ಒಂದು, ಎರಡು, ಮೂರು ಎಂದು ಮೆಟ್ಟಿಲಾದವು. ನಕ್ಷತ್ರವೇನಿದ್ದರೂ ತಟ್ಟೆಯಲ್ಲಿರುವುದಕ್ಕೆ ಮಾತ್ರ; ಆಸನ, ಅಲಂಕಾರ, ಆರಾಮಗಳಿಗೆ ಚಮಚ ಮತ್ತು ಫೋರ್ಕಿನ ಬೇರೆ ಗುರುತು ಇಟ್ಟಿದ್ದರು. ತಟ್ಟೆ ಯಾವುದರ ಮೇಲೆ ಕುಳಿತಿದೆಯೋ ಆ ಬಡಪಾಯಿಯ ಕಾಲುಗಳಿಗೆಂದು ಒಂದು ಚುಕ್ಕಿಯನ್ನೂ ಇಟ್ಟಿಲ್ಲ. ತಮ್ಮ ಕೈಪಿಡಿಯೇ ಒಮ್ಮೆ ಮಾಡಿದ್ದ ಸೇವೆಯನ್ನು ಇಷ್ಟು ಬೇಗ ಮರೆಯಬಾರದಿತ್ತು.

ಕಳೆದ ತಿಂಗಳ ಪ್ರಸಂಗಕ್ಕೆ ಕಾರಣ ಮಾತ್ರ ಗಣಿತ. ಸರ್ನ್ ಸಂಶೋಧನಾ ಕೇಂದ್ರದ ಭೌತವಿಜ್ಞಾನಿ ಆಂದ್ರೆ ಮಾರ್ಟಿನ್ 2005ರಲ್ಲಿ ಇದೇ ಅಲುಗುವ ಮೇಜಿನ ಮೇಲೆ ಒಂದು ಪ್ರಬಂಧ ಬರೆದರು. ಅಣುವಿನೊಳಗಿನ ಕಣಗಳನ್ನು ಬಿಟ್ಟು ಮೇಜಿಗೆ ಬಂದರೆಂದರೆ ಅವರ ಮಡಿಲಿಗೂ ಏನೋ ಚೆಲ್ಲಿರಲೇಬೇಕು. ಅವರು ಸಾಧಿಸಿದ್ದು ಇಷ್ಟು: ನಾಲ್ಕೂ ಕಾಲು ಸಮನಾಗಿರುವ ಚೌಕ ಮೇಜು, ಮೆಟ್ಟಿಲು ಬಿರುಕುಗಳಿಲ್ಲದ ಆದರೆ ಏರುತಗ್ಗಿನ ನೆಲ, ಇಳಿಜಾರು ಹದಿನೈದು ಡಿಗ್ರಿಗಿಂತ ಹೆಚ್ಚಿಲ್ಲ ಎಂದಾದರೆ, ಮೇಜನ್ನು ಇದ್ದಲ್ಲೇ ತೊಂಬತ್ತು ಡಿಗ್ರಿಯೊಳಗೆ ತಿರುಗಿಸುತ್ತಾ ಹೋದಾಗ ಒಂದು ಕಡೆ ನಾಲ್ಕೂ ಕಾಲು ನೆಲ ಹಿಡಿದೇ ಹಿಡಿಯುತ್ತವೆ. ತರ್ಕ ಸರಳ. ಈಗ ಒಂದು ಕರ್ಣದ ಕಾಲಿಗೆ ನೆಲ ಎಟುಕುತ್ತಿಲ್ಲ. ಮೇಜು ತೊಂಬತ್ತು ಡಿಗ್ರಿ ತಿರುಗುವಷ್ಟರಲ್ಲಿ ಆ ಕೊರತೆ ಇನ್ನೊಂದು ಕರ್ಣದ ಪಾಲಿಗೆ ಹೋಗಿರುತ್ತದೆ. ಇಲ್ಲಿಂದ ಅಲ್ಲಿಗೆ ಹೋಗುವ ಕೊರತೆ ದಾರಿಯಲ್ಲೆಲ್ಲೋ ಸೊನ್ನೆಯಾಗದೆ ವಿಧಿಯಿಲ್ಲ.

ಇದನ್ನು ಕೇಳಿದ ಭಾವ ಕೈಯಲ್ಲಿದ್ದ ಟಿಶ್ಯೂ ಕೆಳಗಿಟ್ಟರು. "ಏಳು" ಎಂದರು.

ಹೋಟೆಲ್ ತುಂಬಿತ್ತು. ಮೇಜಿನ ಮೇಲೆ ನೀರಿನ ಲೋಟಗಳಿದ್ದವು. ಭಾವ ಎರಡು ಮೂಲೆ ಹಿಡಿದು ಮೇಜನ್ನು ಕಿರ್ರೆಂದು ಸ್ವಲ್ಪ ತಿರುಗಿಸಿದರು. ಸದ್ದಿಗೆ ಇಡೀ ಹೋಟೆಲು ಅಗಿಯುವುದನ್ನು ನಿಲ್ಲಿಸಿ ನೋಡಿತು. ಅಂಗೈ ಒತ್ತಿದರು. ಅಲುಗಿತು. ಮತ್ತೆ ಕಿರ್ರ್. ಮೇಜು ತಿರುಗಿದಂತೆಲ್ಲ ನಾವೂ ಕುರ್ಚಿಗಳನ್ನು ಎಳೆದುಕೊಂಡು ಅದರ ಸುತ್ತ ಸಾಗಬೇಕಿತ್ತು. ಒಂದು ಮೂಲೆ ಪಕ್ಕದ ಮೇಜಿನ ಹಿರಿಯರೊಬ್ಬರ ಪಕ್ಕೆಲುಬಿಗೆ ಗುರಿಯಿಟ್ಟಿತು, ಇನ್ನೊಂದು ಅಡುಗೆಮನೆಯ ದಾರಿಗೆ ಅಡ್ಡಬಂತು. ತಟ್ಟೆಗಳ ಗೋಪುರ ಹೊತ್ತು ಬಂದ ಸಪ್ಲೈಯರ್ ಒಂದು ಕಾಲು ಎತ್ತಿ, ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು ದಾಟಿದ. ಭಾವನಿಗೆ ಇದೊಂದೂ ಕಾಣಿಸುತ್ತಿರಲಿಲ್ಲ. ನನಗೆ ಎಲ್ಲವೂ ಕಾಣಿಸುತ್ತಿತ್ತು. ನೋಡುತ್ತಿದ್ದವರಿಗೆ ನಾನೂ ಕಾಣಿಸುತ್ತಿದ್ದೆ.

ಹಿರಿಯರು ಬೈಯುತ್ತಾರೆಂದುಕೊಂಡಿದ್ದೆ. ಅವರು ಬಗ್ಗಿ ನಮ್ಮ ಮೇಜಿನ ಕಾಲು ನೋಡಿ, "ಎಷ್ಟಾಯಿತು?" ಎಂದರು.

"ನಲವತ್ತು ಡಿಗ್ರಿ ಆಗಿರಬಹುದು" ಎಂದರು ಭಾವ.

"ನಮ್ಮದೂ ಅಲುಗುತ್ತದೆ" ಎಂದು ಅವರು ತಮ್ಮ ಮನೆಯವರನ್ನು ಎಬ್ಬಿಸಿದರು. ಈಗ ಕಿರ್ರ್ ಎರಡು ಕಡೆಯಿಂದ ಕೇಳಿಸತೊಡಗಿತು.

ಮ್ಯಾನೇಜರ್ ಓಡಿ ಬಂದರು. "ಸರ್, ಏನಾದರೂ ಕಳೆದುಹೋಗಿದೆಯೇ?"

"ಸಮತೋಲನ" ಎಂದರು ಭಾವ, ತಲೆಯೆತ್ತದೆ.

ಸುಮಾರು ಅರವತ್ತು ಡಿಗ್ರಿಯ ಹತ್ತಿರ ಮೇಜು ನಿಂತುಬಿಟ್ಟಿತು. ನಿಜವಾಗಿ ನಿಂತಿತು. ಒತ್ತಿದರೂ ಗುದ್ದಿದರೂ ಲೋಟದ ನೀರು ಕದಲಲಿಲ್ಲ. ಭಾವನ ಬೆನ್ನು ಕಂಬಕ್ಕೆ ಒತ್ತಿಕೊಂಡಿತ್ತು, ನನ್ನ ಕುರ್ಚಿ ದಾರಿಯ ನಟ್ಟನಡುವೆ ಇತ್ತು, ಆದರೆ ಗಣಿತ ಗೆದ್ದಿತ್ತು. ಆ ಹೊತ್ತಿಗೆ ತಿಂಡಿಯೂ ಬಂತು. ಕಿಟಕಿ ಕಡೆಯವರಿಗೆ ಖಾರ ಕಡಿಮೆ ಎಂದು ನೆನಪಿಟ್ಟುಕೊಂಡಿದ್ದ ಸಪ್ಲೈಯರ್ ಆ ತಟ್ಟೆಯನ್ನು ನನ್ನ ಮುಂದಿಟ್ಟ, ಏಕೆಂದರೆ ಅಷ್ಟರಲ್ಲಿ ಕಿಟಕಿ ಕಡೆಗೆ ನಾನು ಬಂದಿದ್ದೆ. ಭಾವ ಮೊದಲ ತುತ್ತಿಗೇ ಕೆಮ್ಮಿ ಕಣ್ಣೀರಿಟ್ಟರು. ಅದನ್ನು ಆನಂದಬಾಷ್ಪವೆಂದು ತಿಳಿದ ಹಿರಿಯರು ಆಚೆಯಿಂದ ಕೈಯೆತ್ತಿ ಅಭಿನಂದಿಸಿದರು. ಮ್ಯಾನೇಜರ್ ಮಾತ್ರ "ಇಲ್ಲಿ ದಾರಿ ಬಿಡಬೇಕು ಸರ್" ಎಂದು ಹೇಳಿ, ಇಬ್ಬರು ಹುಡುಗರನ್ನು ಕರೆದು, ತಟ್ಟೆ ಲೋಟಗಳ ಸಮೇತ ಮೇಜನ್ನು ಮೊದಲಿನ ಜಾಗಕ್ಕೆ ನೂಕಿಸಿದರು. ಮೇಜು ತನ್ನ ಹಳೆಯ ಚಾಳಿಗೆ ಮರಳಿತು. ಮ್ಯಾನೇಜರ್ ಎಂಬ ಅಡಚಣೆಗೆ ಆಂದ್ರೆ ಮಾರ್ಟಿನ್ ಅವರ ಪ್ರಬಂಧದಲ್ಲಿ ಪರಿಹಾರವಿಲ್ಲ.

ಮೂರು ಕಾಲಿನ ಮೇಜು ಎಂಥ ನೆಲದಲ್ಲೂ ಅಲುಗುವುದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಕ್ಯಾಮೆರಾದವರು ಮುಕ್ಕಾಲಿ ಹೊತ್ತು ತಿರುಗುವುದು ಅದಕ್ಕೇ. ಆದರೆ ಅದರ ಅಂಚಿಗೆ ಭಾರ ಬಿದ್ದರೆ ಅಲುಗುವ ಬದಲು ನೇರವಾಗಿ ಮಗುಚಿಕೊಳ್ಳುತ್ತದೆ. ಅರ್ಧ ಸೂಪಾದರೂ ಹೊಟ್ಟೆಗೆ ಸೇರುವ ಈಗಿನ ವ್ಯವಸ್ಥೆಯೇ ವಾಸಿಯೇನೋ.

ನನ್ನ ನೋಟುಪುಸ್ತಕ ಈ ಸಹವಾಸದಲ್ಲಿ ಪೂರ್ತಿ ಕೆಟ್ಟುಹೋಗಿದೆ. ಪರಿಮಳ, ಹದ, ಬಡಿಸುವ ರೀತಿ ಎಂದೆಲ್ಲ ಬರೆಯಬೇಕಾದಲ್ಲಿ "ಎಡ ಮುಂಗಾಲು ಮೋಟು", "ಸೂಪು ಒಳ್ಳೆಯ ಬಿಸಿ, ಮಂಡಿಗೆ ಗೊತ್ತಾಯಿತು", "ಗೋಡೆ ಪಕ್ಕದ್ದು ಪರವಾಗಿಲ್ಲ, ಉಸಿರಾಡಬಾರದು" ಎಂಬಂಥ ಸಾಲುಗಳಿವೆ. ಯಾರಾದರೂ ಆ ಹೊಸ ಹೋಟೆಲ್ ಹೇಗಿದೆ ಎಂದು ಕೇಳಿದರೆ ನನ್ನ ಬಾಯಲ್ಲಿ ಮೊದಲು ಬರುವುದು "ಒಳಗೆ ಬಲಗಡೆ ಕೂರಬೇಡಿ" ಎಂಬ ಮಾತು. ಏನು ತಿಂದೆವೆಂದು ನೆನಪಿಸಿಕೊಳ್ಳಲು ಬಿಲ್ಲನ್ನೇ ನೋಡಬೇಕು. ಆ ಬಿಲ್ಲು ಯಾವುದೋ ಕಾಲಿನಡಿ ಇರುತ್ತದೆ.

ಪುಸ್ತಕದ ಹಳೆಯ ಪುಟಗಳು ಹೀಗಿಲ್ಲ. ಅಲ್ಲಿ ಬರೀ ತಿಂಡಿಯ ಮಾತು, ನಗುವಿನ ಮಾತು. ಆಗ ಅಕ್ಕನೂ ಬರುತ್ತಿದ್ದಳು. ಅವಳಿಗೆ ಬೇರೆ ಊರಿಗೆ ವರ್ಗವಾದ ಮೇಲೆ ನಾವಿಬ್ಬರೇ. ಮಾತಿಗೆ ಕುಳಿತರೆ ಅವಳು ಎರಡೂ ಮೊಣಕೈ ಮೇಜಿಗೆ ಊರಿ, ಗಲ್ಲಕ್ಕೆ ಕೈ ಕೊಟ್ಟು, ಏಳುವವರೆಗೂ ಕದಲುತ್ತಿರಲಿಲ್ಲ. ಆ ಮೇಜುಗಳೂ ಅಲುಗುವಂಥವೇ ಇದ್ದಿರಬೇಕು. ನಮಗೆ ತಿಳಿಯಲಿಲ್ಲ.

ಹದಿನೆಂಟನೆಯ ಶತಮಾನದ ಉತ್ತರಾರ್ಧದವರೆಗೆ ಪ್ಯಾರಿಸ್ಸಿನಲ್ಲಿ ಹೊರಗೆ ಉಣ್ಣುವವರು ಸಾಮಾನ್ಯವಾಗಿ ಒಂದೇ ಉದ್ದ ಮೇಜಿಗೆ ಅಪರಿಚಿತರ ಜೊತೆ ಕೂರುತ್ತಿದ್ದರು. ಆಮೇಲೆ ಶಕ್ತಿವರ್ಧಕವೆಂದು ಸೂಪು ಮಾರುವ ಹೊಸ ಬಗೆಯ ಹೋಟೆಲುಗಳು ಬಂದು, ಗಿರಾಕಿಗಳಿಗೆಂದು ಪ್ರತ್ಯೇಕ ಪುಟ್ಟ ಮೇಜುಗಳನ್ನು ಹಾಕಿದವು. ಸೂಪನ್ನೂ ಪುಟ್ಟ ಮೇಜನ್ನೂ ಒಟ್ಟಿಗೆ ತಂದ ಆ ಮಹನೀಯರನ್ನು ನಿನ್ನೆ ರಾತ್ರಿ ಬಟ್ಟೆ ಹಿಂಡುವಾಗ ಮನಸಾರೆ ನೆನೆದೆ.

ಈ ಭಾನುವಾರಕ್ಕೆ ಇನ್ನೊಂದು ಹೋಟೆಲ್. ಜಾಗ ಕಾದಿರಿಸಲು ಭಾವನೇ ಫೋನ್ ಮಾಡಿದರು, ನನಗೂ ಕೇಳಿಸುವ ಹಾಗೆ.

"ಎಷ್ಟು ಜನ ಸರ್?"

"ಇಬ್ಬರು. ನಿಮ್ಮಲ್ಲಿ ಮೇಜಿಗೆ ಕಾಲೆಷ್ಟು?"

ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. "ನಾಲ್ಕೇ ಸರ್."

"ನಾಲ್ಕೂ ನೆಲ ಮುಟ್ಟುತ್ತವೆಯೇ?"

"ಒಂದು ನಿಮಿಷ ಇರಿ" ಎಂದು ಆ ಮನುಷ್ಯ ಎದ್ದು ಹೋದ. ದೂರದಲ್ಲಿ ಕುರ್ಚಿ ಎಳೆದ ಸದ್ದು, ಲೋಟ ಉರುಳಿದ ಸದ್ದು, ಯಾರೋ ಯಾರನ್ನೋ ಕೂಗಿದ ಸದ್ದು. ಮರಳಿ ಬಂದಾಗ ದನಿ ತಗ್ಗಿತ್ತು.

"ಸರ್, ಕಿಟಕಿ ಪಕ್ಕದ್ದಕ್ಕೆ ಮೂರೂವರೆ ಇದೆ. ಒಳಗಡೆ ಕೊಡಲೇ?"