ಕುಮಾರಿಯ ಡಬ್ಬಿ

ಮೂರನೇ ಮಹಡಿಯ ಕಾಕೂ ಡಬ್ಬಿ ವಾಪಸು ಕೊಟ್ಟರು. ದೀಪಾವಳಿಗೆ ಕೊಟ್ಟಿದ್ದು ಹೋಳಿ ಹುಣ್ಣಿಮೆ ಹೊತ್ತಿಗೆ ಬಂತು. ಅದಕ್ಕೆ ನನ್ನ ತಕರಾರಿಲ್ಲ. ಖಾಲಿ ಕೊಡಬಾರದು ಅಂತ ಒಳಗೆ ಎರಡು ಚಮಚ ಸಕ್ಕರೆ ಹಾಕಿದ್ದರು. ಒಂದು ಡಬ್ಬಿ ತುಂಬ ಚಕ್ಕುಲಿ ಹೋಗಿ ಎರಡು ಚಮಚ ಸಕ್ಕರೆ ಬಂದರೆ ಲೆಕ್ಕ ಸರಿ ಹೋಗುವುದಿಲ್ಲ, ಆದರೂ ತಕರಾರಿಲ್ಲ. ಬಾಗಿಲು ಹಾಕಿಕೊಂಡು ಬಂದು ಅಡುಗೆಮನೆ ಬೆಳಕಿನಲ್ಲಿ ನೋಡುತ್ತೇನೆ, ಡಬ್ಬಿ ನನ್ನದಲ್ಲ.

ಆ ಹೊತ್ತಿಗೆ ನಾನು ನನ್ನನ್ನು ಹುಡುಕಿಕೊಳ್ಳುತ್ತ ಕೂತಿದ್ದೆ. ಇದು ಮಗಳು ಕೊಟ್ಟ ಕೆಲಸ. ಅವಳು ಪುಣೆಯಲ್ಲಿ, ಹಿಂಜವಡಿಯ ಒಂದು ಆಫೀಸಿನಲ್ಲಿ ಇದ್ದಾಳೆ. ಅಲ್ಲಿ ಶುಕ್ರವಾರ ಶುಕ್ರವಾರ ಯಾರೋ ಬಂದು ಮನಸ್ಸಿನ ಬಗ್ಗೆ ಮಾತಾಡುತ್ತಾರಂತೆ. ಹೋದ ಶನಿವಾರ ಮುಂಬಯಿ ಹತ್ತಿರದ ಡೊಂಬಿವಲಿಗೆ, ನಮ್ಮ ಮನೆಗೆ ಬಂದವಳು ಕೆಂಪು ರಟ್ಟಿನ ಒಂದು ನೋಟ್‌ಬುಕ್ ನನ್ನ ಕೈಗಿಟ್ಟಳು. 'ಅಮ್ಮಾ, ಮೂವತ್ತು ವರ್ಷ ನೀ ಬರೇ ನಮ್ಮ ಸಲುವಾಗಿ ಬದುಕೀದಿ. ಇನ್ನರೆ ನೀ ಯಾರು ಅಂತ ತಿಳ್ಕೋ' ಅಂದಳು. ಅಂದು, ತನ್ನ ಒಂದು ವಾರದ ಬಟ್ಟೆಯನ್ನು ನನ್ನ ವಾಷಿಂಗ್ ಮಷೀನಿಗೆ ಹಾಕಿದಳು. ನೋಟ್‌ಬುಕ್ಕಿನ ಬೆಲೆ 799 ರೂಪಾಯಿ. ಅಷ್ಟರಲ್ಲಿ ಎರಡು ಚಲೋ ಡಬ್ಬಿ ಬರುತ್ತಿದ್ದವು.

ಪ್ರತಿ ಪುಟದ ತಲೆಯ ಮೇಲೂ ಒಂದು ಪ್ರಶ್ನೆ. ಮೊದಲ ಪುಟದ್ದು ಹೀಗಿತ್ತು: ತಾಯಿ, ಹೆಂಡತಿ, ಮಗಳು, ಸೊಸೆ ಎಂಬ ಯಾವ ಮಾತನ್ನೂ ಬಳಸದೆ ನೀವು ಯಾರೆಂದು ಹೇಳಿ. ಪೆನ್ನು ಹಿಡಿದು ಮುಕ್ಕಾಲು ಗಂಟೆ ಕೂತೆ. ಕುಕ್ಕರಿನ ಮೂರು ಸೀಟಿ ಆದವು. ಆಗಲೇ ಕಾಕೂ ಬೆಲ್ ಒತ್ತಿದ್ದು. ನೋಟ್‌ಬುಕ್ ಮುಚ್ಚಿಟ್ಟೆ. ನಾನು ಎಲ್ಲಿಗೂ ಹೋಗುವವಳಲ್ಲ, ಡಬ್ಬಿ ಹಾಗಲ್ಲ.

ಸ್ಟೀಲ್ ಡಬ್ಬಿ ಎಲ್ಲಾ ಒಂದೇ ಥರ ಅಲ್ವಾ ಅಂತ ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಅವರು ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಬರುವ ಜನ. ನನ್ನ ಡಬ್ಬಿಯ ಮುಚ್ಚಳ ಹಾಕಿದರೆ 'ಠಪ್' ಅನ್ನುತ್ತದೆ. ತೆಗೆಯುವಾಗ ಹೆಬ್ಬೆರಳಿಗೆ ಸ್ವಲ್ಪ ಸತಾಯಿಸುತ್ತದೆ. ಒಳಗೆ ಅವಲಕ್ಕಿ ಚೂಡಾ ತಿಂಗಳಾದರೂ ಮೆತ್ತಗಾಗುವುದಿಲ್ಲ. ಈ ಬಂದ ಡಬ್ಬಿಯ ಮುಚ್ಚಳವೋ, ಯಾರು ಕರೆದರೂ ಎದ್ದು ಹೋಗುವ ಥರದ್ದು. ಇಷ್ಟರ ಮೇಲೆ, ನನ್ನ ಡಬ್ಬಿಯ ಮೇಲೆ ಹೆಸರಿದೆ.

ಆ ಹೆಸರಿನ ಕಥೆ ಹೇಳಲೇಬೇಕು. 1991. ನನ್ನ ಮದುವೆ ಗೊತ್ತಾಗಿ, ಅಮ್ಮ ನನ್ನನ್ನು ಕರೆದುಕೊಂಡು ಧಾರವಾಡದ ಸುಭಾಸ ರಸ್ತೆಗೆ ಭಾಂಡೆ ತರಲು ಹೋದಳು. ಮುಂಬಯಿಯಲ್ಲಿ ತಾಂಬಾಕಾಟಾ ಅಂತ ಇಡೀ ಒಂದು ಪಾತ್ರೆ ಪೇಟೆಯೇ ಇದೆ, ತಾಮ್ರ ತೂಗುವ ತಕ್ಕಡಿಯಿಂದ ಅದಕ್ಕೆ ಆ ಹೆಸರು ಬಂತು ಅನ್ನುವುದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಅಮ್ಮನಿಗೆ ಗೊತ್ತಿದ್ದರೂ ಅವಳು ಕೇಳುತ್ತಿರಲಿಲ್ಲ. ಮುಂಬಯಿಯ ಸ್ಟೀಲ್ ತೆಳ್ಳಗಿರುತ್ತದೆ ಅಂತ ಅವಳ ನಂಬಿಕೆ. ಆಗಿನ್ನೂ ಹೆಸರು ಹಾಕುವ ಕರೆಂಟಿನ ಪೆನ್ನು ಆ ಅಂಗಡಿಗೆ ಬಂದಿರಲಿಲ್ಲ. ಕಟ್ಟೆಯ ಮೇಲೆ ಒಬ್ಬ ಮುದುಕ ಉಳಿ, ಸಣ್ಣ ಸುತ್ತಿಗೆ ಹಿಡಿದು ಟಕ್ ಟಕ್ ಅಂತ ಚುಕ್ಕೆ ಚುಕ್ಕೆಯಾಗಿ ಬರೆಯುತ್ತಿದ್ದ. ಅಕ್ಷರಕ್ಕೆ ಇಷ್ಟು ಅಂತ ದರ.

ನನ್ನ ಹೆಸರು ಮಲಪ್ರಭಾ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಕಾಲಕ್ಕೆ ಹುಟ್ಟಿದೆ ಅಂತ ಅಜ್ಜ ನದಿಯ ಹೆಸರಿಟ್ಟ. ಹೊಲಕ್ಕೆ ನೀರು ಬರುವ ಖುಷಿ ಅವನಿಗೆ. ಸಾಲಿಯಲ್ಲಿ ಹುಡುಗರು ಆ ಹೆಸರಿನ ಮೊದಲ ಎರಡಕ್ಷರ ಮಾತ್ರ ಕೂಗುತ್ತಿದ್ದರು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಕನ್ನಡ ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

'ಪ್ರ' ಒಂದಕ್ಷರವೋ ಎರಡೋ ಅಂತ ಅಮ್ಮನಿಗೂ ಮುದುಕನಿಗೂ ವಾದ ಶುರುವಾಯಿತು. ಬಾಯಲ್ಲಿ ಒಂದೇ ಸಲ ಬರತದಲ್ಲ, ಒಂದೇ ಅಂತ ಅಮ್ಮ. ಒತ್ತಕ್ಷರಕ್ಕ ಬೇರೆ ಏಟು ಹೊಡೀಬೇಕ್ರಿ, ಎರಡು ಅಂತ ಅವನು. ಹೆಸರಿನ ಮೊದಲಿನ 'ಕು.', ಅಂದರೆ ಕುಮಾರಿ, ಪುಕ್ಕಟೆ ಬರೆಯುವುದಾಗಿ ಒಪ್ಪಿದ ಮೇಲೆ ರಾಜಿಯಾಯಿತು. ಮುದುಕನಿಗೆ ಆ ಸಿಟ್ಟೋ ಏನೋ, ಪುಕ್ಕಟೆಯ 'ಕು.'ವನ್ನೇ ಬೆಲ್ಲದ ಅಚ್ಚಿನಷ್ಟು ದೊಡ್ಡದು ಬರೆದ. ಮುಂದಿನ ಎರಡಕ್ಷರ ಬರೆದು ಕಾಲಲ್ಲಿ ಒತ್ತಿ ಹಿಡಿದಿದ್ದ ಡಬ್ಬಿಯನ್ನು ತಿರುಗಿಸಿದ. ಉಳಿದ ಹೆಸರು ನಾಲ್ಕು ಬೆರಳು ಆಚೆ ಹೋಗಿ ಬಿತ್ತು. ಮುಂದಿನಿಂದ ನೋಡಿದರೆ ಕಾಣುವುದು ಇಷ್ಟೇ: ಕು. ಮಲ.

ಅಮ್ಮ ಡಬ್ಬಿ ಹಿಡಿದು ಓದಿದಳು. ಮತ್ತೊಮ್ಮೆ ಓದಿದಳು. 'ಉಣ್ಣೂ ಡಬ್ಬಿ ಮ್ಯಾಲೆ ಇದೇನ ಬರದೀಪಾ!'

'ತಿರುವಿ ನೋಡ್ರಿ ಅಕ್ಕಾರ. ಪ್ರಭಾ ಆ ಕಡೆ ಐತಿ.'

ಬೇರೆ ಡಬ್ಬಿ ಕೊಡು ಅಂದರೆ ಅಂಗಡಿಯವನು ಕೊಡಲಿಲ್ಲ. ಹೆಸರು ಬಿದ್ದ ಮಾಲು ವಾಪಸಿಲ್ಲ ಅಂದ. ಅದು ನ್ಯಾಯವೇ ಬಿಡಿ. ಉಳಿದ ಭಾಂಡೆಗಳಿಗೆ ಅಮ್ಮ ಹೆಸರು ಹಾಕಿಸಲೇ ಇಲ್ಲ. 'ಮುಂಬಯ್ದಾಗ ಕನ್ನಡ ಓದವ್ರು ಯಾರಿದ್ದಾರ, ಒಯ್ಯಿ' ಅಂತ ಇದೊಂದನ್ನು ಸೀರೆಯ ನಡುವೆ ಸುತ್ತಿ ಟ್ರಂಕಿನಲ್ಲಿಟ್ಟಳು. ಆಗ ಧಾರವಾಡದ ಕಡೆ ಇನ್ನೂ ಮೀಟರ್‌ಗೇಜ್. ಮಿರಜದಲ್ಲಿ ಇಳಿದು, ಸಾಮಾನೆಲ್ಲ ಹೊತ್ತು, ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿಯಬೇಕು. ಇವರು ಒಂದು ಕೈಯಲ್ಲಿ ಟ್ರಂಕು, ಒಂದು ಕೈಯಲ್ಲಿ ನನ್ನ ಮುಂಗೈ ಹಿಡಿದು ಓಡಿದರು. ನಮ್ಮ ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಜನರೆದುರು ಇವರು ನನ್ನ ಕೈ ಹಿಡಿದದ್ದು ಆಗಲೇ, ಅದೂ ಗಾಡಿ ತಪ್ಪುತ್ತದೆ ಅಂತ.

ಅಷ್ಟು ಹೊತ್ತಿಗೆ ನನ್ನ ಹೆಸರು ಬದಲಾಗಿ ಎರಡು ದಿನ ಆಗಿತ್ತು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರ ಹಿಡಿದು ಗಂಡ ಹೊಸ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿದೆ. ಇವರು 'ಅಪರ್ಣಾ' ಅಂತ ಬರೆದರು. ಹೆಸರು ಆರಿಸಿದ್ದು ಇವರ ಸೋದರತ್ತೆ. ಅಪರ್ಣಾ ಅಂದರೆ ಪಾರ್ವತಿ. ಶಿವನಿಗಾಗಿ ತಪಸ್ಸು ಮಾಡುತ್ತ ಒಣಗಿದ ಎಲೆಯನ್ನೂ ತಿನ್ನದೆ ಬಿಟ್ಟವಳು. ನಾನೋ, ಏಕಾದಶಿಯ ದಿನ ಸಾಬುದಾಣಿ ಖಿಚಡಿಯನ್ನು ಎರಡು ಸಲ ಹಾಕಿಸಿಕೊಳ್ಳುವವಳು. ಮಲಪ್ರಭಾ ನದಿ ಕನಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದೆಲ್ಲ ಕೃಷ್ಣಾ ನದಿಯೇ. ನದಿಯನ್ನು ಯಾರೂ ಕೇಳಿಲ್ಲ.

ಇರಲಿ, ಡಬ್ಬಿಗೆ ಬರೋಣ.

ಕಾಕೂ ಮೊದಲು ಒಪ್ಪಲಿಲ್ಲ. ಇದೇ ನಿಮ್ಮ ಡಬ್ಬಿ, ನಿಮಗೆ ಇತ್ತೀಚೆಗೆ ಮರೆವು ಜಾಸ್ತಿ ಅಂದರು. ನನಗಿಂತ ಅವರು ಹನ್ನೊಂದು ವರ್ಷ ದೊಡ್ಡವರು. ಕೊನೆಗೆ ಅವರ ಸೊಸೆ ಸತ್ಯ ಹೇಳಿದಳು. ಸಂಕ್ರಾಂತಿಗೆ ತಿಳಗೂಳ ಹಾಕಿ ಅದನ್ನು ಬಿ ವಿಂಗಿನ ಗೆಳತಿಗೆ ಕೊಟ್ಟಿದ್ದಳಂತೆ. ನನ್ನ ಡಬ್ಬಿಯಲ್ಲಿ ಅವರ ತಿಳಗೂಳ! ಸಿಹಿ ಸಿಹಿ ಮಾತಾಡಿ ಅಂತ ಹಂಚುವ ವಸ್ತು ಅದು, ಹಾಗಾಗಿ ಸುಮ್ಮನಿದ್ದೆ. ಬಿ ವಿಂಗಿನ ಗೆಳತಿಯ ಮನೆಯಲ್ಲಿ ಅತ್ತೆ ಒಂದು ಕಪಾಟು ತೆಗೆದು ತೋರಿಸಿದರು. ಅಬ್ಬಾ, ಊರವರ ಡಬ್ಬಿಗಳ ಅನಾಥಾಶ್ರಮ. ಗುಜರಾತಿ ಹೆಸರಿನವು, ತಮಿಳಿನವು, 'ಹಳದಿ ಕುಂಕುಮ 2009' ಅಂತ ಬರೆದವು. ಐದನೇ ಮಹಡಿಯವರು ಹತ್ತು ವರ್ಷದಿಂದ ಹುಡುಕುತ್ತಿರುವ, ಕಡಾಯಿಗೆ ಮುಚ್ಚುವ ತಟ್ಟೆಯೂ ಅಲ್ಲಿತ್ತು. ನಾನು ಅವರಿಗೆ ಹೇಳಿಲ್ಲ. ನನ್ನ ಇಡ್ಲಿ ಸ್ಟ್ಯಾಂಡು ಅವರ ಹತ್ತಿರ ಇದೆ. ಅದು ಬಂದ ಮೇಲೆ ಹೇಳುತ್ತೇನೆ.

ನನ್ನ ಡಬ್ಬಿ ಮಾತ್ರ ಇರಲಿಲ್ಲ. ಜನವರಿ 26ಕ್ಕೆ ಬಾವುಟ ಹಾರಿಸಿದಾಗ ಮಕ್ಕಳಿಗೆ ಲಾಡು ಹಾಕಿ ಕೆಳಗೆ ಕಳಿಸಿದ್ದರಂತೆ.

ಸೊಸೈಟಿ ಆಫೀಸು ಅಂದರೆ ಜಿನೆಯ ಮೆಟ್ಟಿಲ ಕೆಳಗಿನ ಒಂದು ಗೂಡು. ಅಲ್ಲಿ, ಪಂಪಿನ ಕೀಲಿಗಳ ಪಕ್ಕದಲ್ಲಿ, ನನ್ನ ಡಬ್ಬಿ ಕೂತಿತ್ತು. ಒಳಗೆ ಉಳಿದ ಕಾಗದದ ಬಾವುಟಗಳು, ಸೇಫ್ಟಿ ಪಿನ್ನು, ಸೊಸೈಟಿಯ ರಬ್ಬರ್ ಸ್ಟ್ಯಾಂಪು. ಕೈ ಹಾಕಿದೆ. ಸೆಕ್ರೆಟರಿ, 'ವಹಿನಿ, ಒಂದು ನಿಮಿಷ' ಅಂದರು. ರಿಟೈರ್ ಆದ ಗಂಡಸರಿಗೆ ಸೊಸೈಟಿಯ ಸೆಕ್ರೆಟರಿಗಿರಿ ಕೊಡಬಾರದು ಅನ್ನುವುದು ನನ್ನ ಬಹಳ ದಿನದ ಅಭಿಪ್ರಾಯ. ಅದು ಈಗ ಸೊಸೈಟಿಯ ಆಸ್ತಿ, ಕೊಡಬೇಕಾದರೆ ಆಧಾರ ಬೇಕು ಅಂದರು.

'ಹೆಸರಿದೆಯಲ್ಲ ನೋಡಿ.'

ಕನ್ನಡಕ ಏರಿಸಿ ನೋಡಿದರು. 'ಇದು ಮದ್ರಾಸಿ ಇದೆ.'

ಮೂವತ್ತು ವರ್ಷದಿಂದ ಈ ಊರಿನಲ್ಲಿ ಎಷ್ಟು ಜನರಿಗೆ ನಾನು ಮದ್ರಾಸಿ ಅಲ್ಲ ಅಂತ ಹೇಳಿದ್ದೇನೋ. ಧಾರವಾಡ ಮದ್ರಾಸಿಗಿಂತ ನಿಮಗೇ ಹತ್ತಿರ, ನನ್ನ ತವರಿನವರು ಆ ಕಾಲಕ್ಕೆ ಮುಂಬಯಿ ಇಲಾಖೆಯಲ್ಲೇ ಇದ್ದವರು ಅಂತ ಶುರು ಮಾಡಿದೆ. ಅಷ್ಟರಲ್ಲಿ ಅವರು ಮೊದಲ ಮಹಡಿಯ ಹೋಟೆಲ್‌ನವರನ್ನು ಕರೆಸಿದ್ದರು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಇಡ್ಲಿ ವಡೆ ಮಾರಿ ಮೂರು ಮಕ್ಕಳನ್ನು ಎಂಜಿನಿಯರ್ ಮಾಡಿದವರು. ಅವರು ಡಬ್ಬಿ ತೆಗೆದುಕೊಂಡರು. 'ಇದು ನಮ್ಮ ಕನ್ನಡವೇ ಮಾರಾಯ್ರೆ' ಅಂದರು. ಆಮೇಲೆ ಓದಿದರು. ಗಟ್ಟಿಯಾಗಿ.

'ಕು... ಮಲ.'

ಓದಿ ನನ್ನ ಮುಖ ನೋಡಿದರು. ಒಬ್ಬ ಗೌರವಸ್ಥ ಹೆಂಗಸಿನ ಬಗ್ಗೆ ತಾವು ಏನೋ ಆಡಿಬಿಟ್ಟೆವು ಅನ್ನುವ ಹಾಗಿತ್ತು ಅವರ ಮುಖ. ನಾನು ಅಂದೆ, 'ತಿರುಗಿಸಿ ನೋಡಿ. ಪ್ರಭಾ ಆ ಕಡೆ ಇದೆ.'

ಇಷ್ಟಾದರೂ ಮುಗಿಯಲಿಲ್ಲ. ಸೆಕ್ರೆಟರಿ ರಿಜಿಸ್ಟರ್ ತೆಗೆದರು. ಫ್ಲ್ಯಾಟು ಇವರ ಹೆಸರಲ್ಲಿ. ನಾನು ಅಸೋಸಿಯೇಟ್ ಮೆಂಬರ್, ಹೆಸರು ಅಪರ್ಣಾ. ಮಲಪ್ರಭಾ ಯಾರು? ಅದರಲ್ಲೂ ಕುಮಾರಿ? ನಿಮ್ಮ ಮನೆಯಲ್ಲಿ ಕುಮಾರಿ ಅಂದರೆ ಮಗಳು ಅಲ್ವಾ? ನಾನೇ ಅಂದೆ. ವಾಚ್‌ಮನ್ ನಕ್ಕ. ಐವತ್ತು ದಾಟಿದ ಮೇಲೆ ಜಿನೆಯ ಕೆಳಗೆ ನಿಂತು ಕುಮಾರಿ ನಾನೇ ಅಂತ ಹೇಳುವುದು ಸುಲಭವಲ್ಲ. ಅರ್ಜಿ ಬರೆದು ಕೊಡಿ, ರೆಕಾರ್ಡಿಗೆ ಬೇಕು ಅಂದರು. ಬರೆದೆ. ನಾನು, ಸೌ. ಅಪರ್ಣಾ ಉರ್ಫ್ ಕು. ಮಲಪ್ರಭಾ, ತಿಳಿಸುವುದೇನೆಂದರೆ, ಮೇಲೆ ಹೇಳಿದ ಇಬ್ಬರೂ ಒಬ್ಬಳೇ ವ್ಯಕ್ತಿ. ಸದರಿ ಡಬ್ಬಿ ನನ್ನದು. ಮರಾಠಿಯಲ್ಲಿ ಬರೆದಿದ್ದಕ್ಕೋ ಏನೋ, ಬಹಳ ತೂಕದ ಮಾತಾಗಿ ಕಂಡಿತು. ಸಾಕ್ಷಿಗೆ ಒಂದು ಸಹಿ ಬೇಕಿತ್ತು. ಮೇಲಿನಿಂದ ಇವರನ್ನು ಕರೆಸಿದೆ.

ಇವರು ಮೂರು ಸಲ ಓದಿದರು. 'ಹೌದಲ್ಲ, ಮಲಪ್ರಭಾ ಅಂತಿತ್ತು. ಚಲೋ ಹೆಸರು. ಯಾಕ ಬದಲ ಮಾಡಿದ್ವಿ?'

'ಮಾಡಿದವರು ಯಾರು?'

'ಅತ್ಯಾ ಹೇಳಿದ್ಲು' ಅಂತ ಸಹಿ ಹಾಕಿದರು.

ಇವರೇನೂ ನನ್ನನ್ನು ಅಪರ್ಣಾ ಅಂತಲೂ ಕರೆದವರಲ್ಲ. 'ಕೇಳ್ತೇನು' ಅನ್ನುವುದೇ ನನ್ನ ಹೆಸರು. ಮಲಪ್ರಭಾ ಅಂತ ಪೂರಾ ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಅದೂ ಸಿಟ್ಟು ಬಂದಾಗ. ಅವಳು ಹೋಗಿ ಆರು ವರ್ಷವಾಯಿತು.

ಪಿನ್ನಿನ ತುಕ್ಕು ಹೋಗಲು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದೆ. ಇವರು ಅಡುಗೆಮನೆಗೆ ನೀರು ಕುಡಿಯಲು ಬಂದವರು ಡಬ್ಬಿ ಒರೆಸಿ ಮುಚ್ಚಳ ಹಾಕಿದರು. ಠಪ್. ತೆಗೆದರು. ಮತ್ತೆ ಹಾಕಿದರು. 'ಚಲೋ ಮುಚ್ಚತದ' ಅಂದರು. ಸುಮ್ನೆ ನಿಂತು ಹತ್ತು ಸಲ ಠಪ್ ಠಪ್ ಮಾಡಿರಬೇಕು. ನನಗೆ ರೇಗಿತು, ಹೋಗಿ ಟಿವಿ ನೋಡಿ ಅಂದೆ. ಆದರೂ ಸ್ವಲ್ಪ ತಡವಾಗಿಯೇ ಅಂದೆ.

ಆಮೇಲೆ ಕೆಂಪು ನೋಟ್‌ಬುಕ್ ತೆಗೆದು ಮೊದಲ ಪುಟದ ಪ್ರಶ್ನೆಯ ಕೆಳಗೆ ಸ್ಕೇಲು ಹಿಡಿದು ನಾಲ್ಕು ಮನೆ ಎಳೆದೆ. ಯಾರಿಗೆ, ಯಾವ ಡಬ್ಬಿ, ಏನು ಹಾಕಿ, ವಾಪಸು ಬಂದ ತಾರೀಖು. ನೆನಪಿದ್ದದ್ದನ್ನೆಲ್ಲ ಬರೆಯುತ್ತ ಹೋದೆ. ಕಾಕೂ ಕೊಟ್ಟ ಆ ಸಡಿಲ ಮುಚ್ಚಳದ ಡಬ್ಬಿಯನ್ನೂ ಬರೆದೆ, ವಾರಸುದಾರರು ಸಿಕ್ಕಿಲ್ಲ ಅಂತ. ಸದ್ಯಕ್ಕೆ ಅದರಲ್ಲಿ ಸಾಸಿವೆ ಇದೆ.

ರಾತ್ರಿ ಮಗಳ ಫೋನು. 'ಬರಿಲಿಕ್ಕೆ ಶುರು ಮಾಡಿದ್ಯಾ ಅಮ್ಮಾ?'

'ಮೂರು ಪುಟ ಆತು.'

'ಒಂದೇ ದಿನಾ? ಎಷ್ಟು ಚಲೋ!' ಅವಳ ದನಿ ಸ್ವಲ್ಪ ಗದ್ಗದವಾಯಿತು ಅನಿಸಿತು. 'ಎಲ್ಲಾ ಹೊರಗ ಬರಲಿ ಬಿಡು.'

'ಇನ್ನೂ ಎಷ್ಟೋ ಬರೋದದ' ಅಂದೆ. ಅವಳು ಹೋದ ತಿಂಗಳು ಪುಣೆಗೆ ಒಯ್ದ ಎರಡು ಡಬ್ಬಿ ಸೇರಿ. ಒಂದರಲ್ಲಿ ಶೇಂಗಾ ಹಿಂಡಿ ಇತ್ತು, ಇನ್ನೊಂದರಲ್ಲಿ ಮೆಂತ್ಯದ ಹಿಟ್ಟು.