ಮನೆ ಸಾಲದ ಫೈಲಿನಲ್ಲಿರುವ ಆ ಪಾಲಿಸಿಯನ್ನು ಒಮ್ಮೆ ತೆಗೆದು ಓದಿ

2019ರ ಆಗಸ್ಟ್‌ನಲ್ಲಿ ನಂಜನಗೂಡಿನ ನಮ್ಮ ಮನೆಗೆ ಕಪಿಲೆಯ, ಅಂದರೆ ಕಬಿನಿ ಹೊಳೆಯ, ನೀರು ನುಗ್ಗಿತು. ಹೊಳೆ ಬರುವುದು ನಮಗೆ ಹೊಸದಲ್ಲ. ವಯನಾಡಿನಲ್ಲಿ ಮಳೆ ಜೋರಾದರೆ ಬೀಚನಹಳ್ಳಿಯ ಕಬಿನಿ ಡ್ಯಾಂ ತುಂಬುತ್ತದೆ, ಗೇಟು ಎತ್ತುತ್ತಾರೆ, ನಮ್ಮೂರಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ. ಚಿಕ್ಕಂದಿನಿಂದ ಅದನ್ನು ನೋಡಲು ಹೋಗುತ್ತಿದ್ದೆವು. ಆ ವರ್ಷ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆ ಬಂದ್ ಆಯಿತು. ಸಂಜೆ ಹೊತ್ತಿಗೆ ನೀರು ನಮ್ಮ ಬೀದಿಯಲ್ಲೂ ಇತ್ತು.

ಅಮ್ಮನನ್ನು ಅಕ್ಕನ ಮನೆಗೆ ಕಳಿಸಿ, ಕೈಗೆ ಸಿಕ್ಕಿದ್ದನ್ನೆಲ್ಲ ಅಟ್ಟಕ್ಕೆ ಏರಿಸಿ ಬಂದೆ. ಮೂರು ದಿನ ಬಿಟ್ಟು ಹೋದಾಗ ಗೋಡೆ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ. ಫ್ರಿಜ್ಜು ಮಗುಚಿ ಬಿದ್ದಿತ್ತು. ಅಕ್ಕಿ ಮೂಟೆ ಮುಗ್ಗಲು ನಾರುತ್ತಿತ್ತು. ಬಾಗಿಲುಗಳು ಊದಿಕೊಂಡು ಚೌಕಟ್ಟಿಗೆ ಕೂರುತ್ತಿರಲಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿದ್ದ ಅಮ್ಮನ ಧಾರೆ ಸೀರೆಯನ್ನು ಎಷ್ಟು ಒಗೆದರೂ ಬಣ್ಣ ವಾಪಸ್ ಬರಲಿಲ್ಲ.

ಆದರೂ ಒಳಗೆ ಒಂದು ಧೈರ್ಯ ಇತ್ತು. ಮನೆ ಸಾಲ ತೆಗೆಯುವಾಗ ಬ್ಯಾಂಕಿನವರು “ಇನ್ಶೂರೆನ್ಸೂ ಸೇರಿದೆ ಸಾರ್, ಇಲ್ಲೊಂದು ಸೈನ್ ಮಾಡಿ” ಅಂದಿದ್ದರು. ಫೈಲು ತೆಗೆದು ನೋಡಿದರೆ ಅದು ನನ್ನ ಜೀವಕ್ಕೆ ಮಾಡಿದ ಪಾಲಿಸಿ. ನಾನು ಸತ್ತರೆ ಬಾಕಿ ಸಾಲ ತೀರುತ್ತದೆ. ಮನೆ ಮುಳುಗಿದರೆ ಒಂದು ಪೈಸೆಯೂ ಇಲ್ಲ. ಅವರು ಬಿಡಿಸಿ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಸರ್ಕಾರ ಆಗ ತುರ್ತು ಪರಿಹಾರ ಅಂತ 10,000 ರೂಪಾಯಿ ಕೊಟ್ಟಿತು. ಪೂರ್ತಿ ಬಿದ್ದ ಮನೆಗಳಿಗೆ 5 ಲಕ್ಷ ಘೋಷಿಸಿತು. ಆ ಹತ್ತು ಸಾವಿರ ಆ ವಾರ ನಮ್ಮ ಕೈ ಹಿಡಿಯಿತು, ನಿಜ. ಆದರೆ ನಮ್ಮ ಮನೆಯ ಗೋಡೆ ನಿಂತಿತ್ತು. ವೈರಿಂಗು, ಬಾಗಿಲು, ಹಾಸಿಗೆ, ಫ್ರಿಜ್ಜು ಎಲ್ಲಕ್ಕೂ ಹೆಂಡತಿಯ ಒಡವೆ ಗಿರವಿ ಇಟ್ಟೆ.

ಪೊಲೀಸರು ಹಿಡಿಯುತ್ತಾರೆ ಅಂತ ಬೈಕಿಗೆ ವರ್ಷವರ್ಷ ಇನ್ಶೂರೆನ್ಸ್ ಕಟ್ಟುತ್ತೇವೆ. ಇಪ್ಪತ್ತು ವರ್ಷ ದುಡಿದು ಕಟ್ಟಿದ ಮನೆಗೆ ಯಾರೂ ಕೇಳುವುದಿಲ್ಲ, ನಾವೂ ಕಟ್ಟುವುದಿಲ್ಲ. ಇದು ದೊಡ್ಡ ತಪ್ಪು ಅಂತ ನನಗೆ ಖಂಡಿತ ಅನಿಸಿದೆ.

2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಅನ್ನುವ ಪಾಲಿಸಿ ಬಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿದ್ದು. ಬೆಂಕಿ, ಸಿಡಿಲು, ಬಿರುಗಾಳಿ ಜೊತೆ ಪ್ರವಾಹವೂ ಅದರಲ್ಲಿ ಸೇರಿದೆ. ಜನ ಗೊಂದಲ ಮಾಡಿಕೊಳ್ಳುವುದು ಎಷ್ಟು ಮೊತ್ತಕ್ಕೆ ಪಾಲಿಸಿ ಮಾಡಿಸಬೇಕು ಅನ್ನುವ ವಿಷಯದಲ್ಲಿ. ಸೈಟಿನ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ, ಮನೆ ಬಿದ್ದರೂ ಸೈಟು ಇರುತ್ತದೆ ಅಲ್ವಾ? ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟು. ಹತ್ತು ಚದರದ ಮನೆ, ಚದರಕ್ಕೆ 2 ಲಕ್ಷ ಅಂದುಕೊಂಡರೆ 20 ಲಕ್ಷ. ಅದರ ಶೇ. 20, ಅಂದರೆ 4 ಲಕ್ಷದವರೆಗೆ ಮನೆಯೊಳಗಿನ ಸಾಮಾನಿಗೂ ತಾನಾಗಿ ಸಿಗುತ್ತದೆ. ಹೀಗೆ ತಾನಾಗಿ ಸಿಗುವುದಕ್ಕೆ 10 ಲಕ್ಷದ ಮಿತಿ ಇದೆ. ಒಡವೆಯನ್ನು ಬೇರೆಯಾಗಿ ಸೇರಿಸಬೇಕು. ಬಾಡಿಗೆ ಮನೆಯವರು ಬರೀ ಸಾಮಾನಿಗೆ ಮಾಡಿಸಬಹುದು. ನಾನೀಗ ಕಟ್ಟುತ್ತಿರುವುದು ಬೈಕಿಗಿಂತ ಕಮ್ಮಿ.

ಇನ್ನೊಂದು ಮಾತು. ಕೊಳೆತ ಹಾಸಿಗೆ, ಮರದ ಸಾಮಾನನ್ನೆಲ್ಲ ನಾನು ಅವತ್ತೇ ಬೀದಿಗೆ ಎಸೆದಿದ್ದೆ. ಪಾಲಿಸಿ ಇದ್ದಿದ್ದರೂ ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರಿಗೆ ತೋರಿಸಲು ಏನೂ ಉಳಿದಿರಲಿಲ್ಲ. ಕೆಸರು ತೊಳೆದು ತೆಗೆಯುವ ಮುಂಚೆ ಗೋಡೆಯ ಗೆರೆಯಿಂದ ಹಿಡಿದು ಪ್ರತಿ ಕೋಣೆಯ ವಿಡಿಯೋ ಮಾಡಿ, ಕಂಪನಿಗೆ ತಿಳಿಸಿ. ಹಾಳಾಗಿದ್ದನ್ನು ಅವರು ಬಂದು ನೋಡುವ ತನಕ ಒಂದು ಮೂಲೆಯಲ್ಲಿ ಇಟ್ಟಿರಿ.

ಮೈಸೂರಿನ ಗೆಳೆಯರು “ನಮಗೆ ಹೊಳೆಯೇ ಇಲ್ಲವಲ್ಲ” ಅನ್ನುತ್ತಾರೆ. ಕೆರೆ ಕೆಳಗಿನ ಬಡಾವಣೆಗೆ, ಒತ್ತುವರಿಯಾದ ರಾಜಕಾಲುವೆ ಪಕ್ಕದ ಮನೆಗೆ ಹೊಳೆ ಬೇಕಿಲ್ಲ. ಒಂದು ರಾತ್ರಿಯ ಮಳೆ ಸಾಕು.

ಈ ಭಾನುವಾರ ನಿಮ್ಮ ಸಾಲದ ಫೈಲು ತೆಗೆಯಿರಿ. ಪಾಲಿಸಿಯಲ್ಲಿ ನಿಮ್ಮ ಹೆಸರು, ವಯಸ್ಸು ಮಾತ್ರ ಇದೆಯಾ, ಇಲ್ಲಾ ಕಟ್ಟಡದ ಮೊತ್ತವೂ ಇದೆಯಾ ನೋಡಿ. ಅರ್ಥವಾಗದಿದ್ದರೆ ಫೋಟೋ ತೆಗೆದು ಇನ್‌ಬಾಕ್ಸ್‌ಗೆ ಹಾಕಿ. ಕೂತು ಓದಿ ಹೇಳುತ್ತೇನೆ.