ಇನ್ನೂ ಶಲ್ಯನ ಮನೆಯಲ್ಲೇ

ಮಹಾಭಾರತದ ಕತೆಯನ್ನೇ ಭೈರಪ್ಪನವರು ಕಾದಂಬರಿ ಮಾಡಿದ ‘ಪರ್ವ’ವನ್ನು ಇವತ್ತು ಬೆಳಿಗ್ಗೆ ವಾಪಸ್ ಕಪಾಟಿನಲ್ಲಿ ಇಟ್ಟೆ. ಓದಿ ಮುಗಿಯಿತು ಅಂತ ಅಲ್ಲ. ಅದನ್ನು ಓದುವ ಯೋಗ್ಯತೆ ನನಗೆ ಇನ್ನೂ ಬಂದಿಲ್ಲವಂತೆ. ನಿನ್ನೆ ಕಾಫಿ ಕುಡಿಯುವಾಗ ಹಾಗಂತ ತೀರ್ಮಾನವಾಯಿತು.

ಬಸವನಗುಡಿ ಕಡೆಯವರಿಗೆ ನಮ್ಮ ಭಾನುವಾರವನ್ನು ಬಿಡಿಸಿ ಹೇಳಬೇಕಿಲ್ಲ. ಪಾರ್ಕಿನಲ್ಲಿ ಒಂದೆರಡು ಸುತ್ತು, ಬೆಂಚಿನ ಮೇಲೆ ಅದಕ್ಕಿಂತ ಜಾಸ್ತಿ ಹೊತ್ತು. ಆಮೇಲೆ ದರ್ಶಿನಿಯಲ್ಲಿ ಇಡ್ಲಿ-ವಡೆ, ಬೈ ಟು ಕಾಫಿ. ಪಕ್ಕದ ಗುಂಪಿನವರು ಸೈಟಿನ ರೇಟು, ಮಂಡಿನೋವು, ಅಳಿಯನ ವೀಸಾ ಅಂತ ಮಾತಾಡಿಕೊಳ್ಳುತ್ತಾರೆ. ನಮ್ಮದು ಓದುವವರ ಗುಂಪು. ಹಾಗಾಗಿ ಮಂಡಿನೋವು ಮುಗಿದ ಮೇಲೆ ‘ಈಗ ಏನು ಓದ್ತಾ ಇದ್ದೀರಿ?’ ಅಂತ ಒಂದು ಸುತ್ತು ಆಗಲೇಬೇಕು.

ಗುಂಪಿನಲ್ಲಿ ಥರಾವರಿ ಜನ ಇದ್ದಾರೆ. ಒಬ್ಬರು ಪ್ರತಿ ವಾರ ಹೊಸ ಪುಸ್ತಕ ಹೊಗಳುತ್ತಾರೆ. ಎಲ್ಲದರದ್ದೂ ಮೊದಲ ಇಪ್ಪತ್ತು ಪುಟ ಅದ್ಭುತವಂತೆ. ಇಪ್ಪತ್ತೊಂದನೇ ಪುಟದಿಂದಾಚೆ ಕನ್ನಡ ಸಾಹಿತ್ಯಕ್ಕೆ ಏನಾಗುತ್ತದೆ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಬ್ಬಳು ಐಟಿ ಹುಡುಗಿ. ಅವಳು ಓದುವುದಿಲ್ಲ, ಕೇಳುತ್ತಾಳೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಒಂದು ಅಧ್ಯಾಯ ಆಗುತ್ತೆ, ಮಳೆ ಬಂದರೆ ಎರಡು. ಕಿವಿಯಲ್ಲಿ ಕೇಳಿದ್ದು ಓದು ಹೇಗಾಗುತ್ತದೆ ಅಂತ ನಮ್ಮಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ನಮ್ಮಲ್ಲಿ ಪುಸ್ತಕವನ್ನು ಕೊನೆ ಮುಟ್ಟಿಸುವವಳು ಅವಳೊಬ್ಬಳೇ ಅನ್ನುವುದನ್ನು ಮಾತ್ರ ಯಾರೂ ಎತ್ತಲಿಲ್ಲ.

ಮತ್ತೊಬ್ಬರು ಪುಸ್ತಕ ಒಯ್ಯುವವರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆಗ ನಮ್ಮ ಟೇಬಲ್ಲಿಗೆ ಇದ್ದಕ್ಕಿದ್ದಂತೆ ಹುರುಪು ಬಂತು. ಬಾನು ಅವರ ಕತೆಗಳ ಹಳೆಯ ಪ್ರತಿ ಒಂದು ನನ್ನ ಹತ್ತಿರ ಇತ್ತು. ‘ಓದಿ ಕೊಡ್ತೀನಿ’ ಅಂತ ಒಯ್ದರು. ಓದಿದರೋ ಇಲ್ಲವೋ, ಕೊಟ್ಟಂತೂ ಇಲ್ಲ. ವಿಚಾರಿಸಿದರೆ ಅವರ ನಾದಿನಿ ಮನೆಯಲ್ಲಿತ್ತು. ಮತ್ತೆ ವಿಚಾರಿಸುವ ಹೊತ್ತಿಗೆ ದಾವಣಗೆರೆ ತಲುಪಿತ್ತು. ಈ ನಡುವೆ ನನಗಿಂತ ಅದೇ ಜಾಸ್ತಿ ಊರು ತಿರುಗುತ್ತಿದೆ.

ಇವರನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಆಗದೇ ಇರುವುದು ಮುಂಚೆ ರಾಯರನ್ನು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ಅವರಿಗೆ ನಿಜವಾದ ಹೆಸರು ಬೇರೆ ಇದೆ, ಅದೀಗ ಪೆನ್ಷನ್ ಪುಸ್ತಕದಲ್ಲಿ ಮಾತ್ರ ಉಳಿದಿದೆ. ನೀವು ಯಾವ ಪುಸ್ತಕದ ಹೆಸರು ಹೇಳಿದರೂ ಅವರು ಬೈಯುವುದಿಲ್ಲ. ಬೈದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅವರು ತಲೆದೂಗುತ್ತಾರೆ. ಕಾಫಿ ಲೋಟ ಕೆಳಗಿಡುತ್ತಾರೆ. ‘ಒಳ್ಳೇದು. ಬಹಳ ಒಳ್ಳೇ ಪುಸ್ತಕ. ಆದ್ರೆ ಅದಕ್ಕಿಂತ ಮುಂಚೆ...’ ಅನ್ನುತ್ತಾರೆ. ಸಾಲದ ಅರ್ಜಿ ಹಿಡಿದು ಬಂದವನಿಗೆ ಇನ್ನೊಂದೇ ಒಂದು ಕಾಗದ ತನ್ನಿ ಅಂದ ಹಾಗೆ. ಸರ್ವೀಸಿನ ಉದ್ದಕ್ಕೂ ಮಾಡಿದ ಅಭ್ಯಾಸ, ಎಲ್ಲಿ ಹೋಗುತ್ತೆ ಹೇಳಿ.

ಹಿಂದೊಮ್ಮೆ ಒಬ್ಬ ಕಾಲೇಜು ಹುಡುಗ ‘ಕರ್ವಾಲೊ’ ಹಿಡಿದುಕೊಂಡು ಬಂದಿದ್ದ. ತೆಳ್ಳಗಿನ ಪುಸ್ತಕ, 1980ರದ್ದು. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕತೆ. ಒಂದು ರಜೆಯ ದಿನ ಕೂತರೆ ಮುಗಿಯುತ್ತದೆ. ರಾಯರು ಬಿಡಬೇಕಲ್ಲ? ‘ತೇಜಸ್ವಿಗಿಂತ ಮುಂಚೆ ಕುವೆಂಪು ಓದ್ಬೇಕಲ್ವೇನಪ್ಪಾ? ಮಗನನ್ನ ಮಾತಾಡಿಸೋ ಮುಂಚೆ ಅಪ್ಪನಿಗೊಂದು ನಮಸ್ಕಾರ ಹಾಕೋದು ಬೇಡ್ವಾ?’ ಅಂದರು. ಹುಡುಗ ಮರ್ಯಾದಸ್ಥ. ಮಾರನೇ ದಿನವೇ ‘ಮಲೆಗಳಲ್ಲಿ ಮದುಮಗಳು’ ತಂದ. ಅದು 1967ರ ಕಾದಂಬರಿ, ಏಳುನೂರು ಪುಟದ ಆಸುಪಾಸು. ಈಗ ಆ ಹುಡುಗ ಪಾರ್ಕಿನಲ್ಲಿ ನಮ್ಮನ್ನು ಕಂಡರೆ ಉಲ್ಟಾ ಸುತ್ತು ಹಾಕುತ್ತಾನೆ. ಅವನ ಪಾಲಿನ ಓತಿ ಇನ್ನೂ ಹಾರಿಲ್ಲ.

ಇಷ್ಟೆಲ್ಲ ಕಣ್ಣಾರೆ ನೋಡಿಯೂ ನಿನ್ನೆ ನಾನು ಬಾಯಿ ಬಿಟ್ಟೆ. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ‘ಪರ್ವ’ ಕಪಾಟಿನಿಂದ ಇಳಿಯಿತು. ನಮ್ಮ ಮನೆಯಲ್ಲೂ ಇಳಿದು, ಟೀಪಾಯಿ ಮೇಲೆ ಬಹಳ ಕಾಲ ಕೂತು, ಈಗ ಕೈಗೆ ಬಂತು. 1979ರ ಪುಸ್ತಕ, ದಿಂಬಿನ ಗಾತ್ರ. ಮದ್ರದೇಶದ ಶಲ್ಯನ ಮನೆಯಿಂದ ಕತೆ ಹೊರಡುತ್ತದೆ. ಅತ್ತ ಯುದ್ಧದ ಸುದ್ದಿ, ಇತ್ತ ಮೊಮ್ಮಗಳ ಮದುವೆಯ ಚಿಂತೆ. ವರ, ಶಾಪ, ಪವಾಡ ಒಂದೂ ಇಲ್ಲ. ವಯಸ್ಸಾದ ರಾಜ, ವಯಸ್ಸಾದವರ ರಗಳೆಗಳು. ಬಹಳ ಹಿಡಿಸಿತು. ಆ ಖುಷಿಯಲ್ಲಿ ಹೇಳಿಬಿಟ್ಟೆ.

ರಾಯರು ಲೋಟ ಕೆಳಗಿಟ್ಟರು.

‘ಭೈರಪ್ಪನವರು ಏನೇನು ಬಿಟ್ಟಿದ್ದಾರೆ ಅಂತ ಗೊತ್ತಾಗೋಕೆ ಮೊದಲು ಏನೇನಿತ್ತು ಅಂತ ಗೊತ್ತಿರಬೇಕಲ್ವಾ? ಅದಕ್ಕಿಂತ ಮುಂಚೆ ವಚನಭಾರತ ಓದಿ. ಎ. ಆರ್. ಕೃಷ್ಣಶಾಸ್ತ್ರಿಗಳದ್ದು. ಸರಳವಾದ ಗದ್ಯ.’

ಮಾತು ನ್ಯಾಯವಾಗಿತ್ತು. ಆಯಿತು ಅಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡು ಇಡ್ಲಿಗೆ ಚಟ್ನಿ ಹಾಕಿಕೊಂಡೆ.

‘ಆದ್ರೆ ಅದಕ್ಕಿಂತ ಮುಂಚೆ ಕುಮಾರವ್ಯಾಸ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದದ್ದು. ಸುಮ್ನೆ ಕಣ್ಣಲ್ಲಿ ಓದಿದ್ರೆ ಆಗಲ್ಲ. ಭಾಮಿನಿ ಷಟ್ಪದಿ, ಗಮಕಿಗಳ ಬಾಯಲ್ಲಿ ಕೇಳಬೇಕು.’

ಐಟಿ ಹುಡುಗಿ ತಟ್ಟನೆ ನೆಟ್ಟಗೆ ಕೂತಳು. ‘ನೋಡಿದ್ರಾ, ಕೇಳಬೇಕಂತೆ!’ ಅಂತ ನಮ್ಮ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಹಳೇ ಕೇಸಿಗೆ ತೀರ್ಪು ಅವಳ ಕಡೆ ಆಗಿಹೋಯಿತು.

‘ಕುಮಾರವ್ಯಾಸ ಒಬ್ಬನೇ ಸಾಲಲ್ಲ’ ಅಂತ ರಾಯರು ಮುಂದುವರಿಸಿದರು. ‘ಅವನು ಬರೆದದ್ದು ಹತ್ತೇ ಪರ್ವ. ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. ಉಳಿದದ್ದಕ್ಕೆ ತಿಮ್ಮಣ್ಣ ಕವಿ ಇದ್ದಾನೆ, ಕೃಷ್ಣದೇವರಾಯನ ಕಾಲದವನು.’

ಇಪ್ಪತ್ತು ಪುಟದವರಿಗೆ ಇದು ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. ಅಂಥ ಮಹಾಕವಿಯೇ ಅರ್ಧಕ್ಕೆ ಎದ್ದು ಹೋಗಿದ್ದಾನೆ ಅಂದಮೇಲೆ ತಮ್ಮದೇನು ಮಹಾ ಅಂತ ಇನ್ನೊಂದು ವಡೆ ತರಿಸಿದರು.

‘ಆದ್ರೆ ಅದಕ್ಕಿಂತ ಮುಂಚೆ ಪಂಪ.’ ಇದು ಬರುತ್ತದೆ ಅಂತ ನನಗೂ ಗೊತ್ತಿತ್ತು. ಹತ್ತನೇ ಶತಮಾನ, ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನ ಜಾಗದಲ್ಲಿ ಕೂರಿಸಿ ಬರೆದ ಭಾರತ. ನಾನು ಕೊನೆಯ ಅಸ್ತ್ರ ತೆಗೆದೆ. ‘ನನಗೆ ಹಳಗನ್ನಡ ಬರಲ್ಲ ರಾಯರೇ.’ ತಪ್ಪಿಸಿಕೊಂಡೆ ಅಂತಲೇ ಅಂದುಕೊಂಡೆ. ಅವರ ಮುಖ ಇನ್ನೂ ಅರಳಿತು.

‘ಅದಕ್ಕೇನಂತೆ? ಅದಕ್ಕಿಂತ ಮುಂಚೆ ಕೇಶಿರಾಜನ ಶಬ್ದಮಣಿದರ್ಪಣ ನೋಡಿಕೊಳ್ಳಿ.’

ಕೇಶಿರಾಜ ಹದಿಮೂರನೇ ಶತಮಾನದವನು. ಪಂಪನಿಗಿಂತ ಮುನ್ನೂರು ವರ್ಷ ಆಮೇಲೆ ಬಂದವನು. ರಾಯರ ಮುಂಚೆಗೂ ಕ್ಯಾಲೆಂಡರಿಗೂ ಏನೂ ಸಂಬಂಧವಿಲ್ಲ. ಮಲಗುವ ಮುಂಚೆ ನಾಲ್ಕು ಪುಟ ಕಾದಂಬರಿ ಓದೋಣ ಅಂತ ಹೊರಟವನು ಸಂಧಿ, ಸಮಾಸದ ಸೂತ್ರಕ್ಕೆ ಬಂದು ನಿಂತಿದ್ದೆ. ಕಾಫಿ ಆರಿತ್ತು. ಬಿಲ್ಲು ಮಾತ್ರ ನನ್ನ ಕಡೆಗೇ ಬಂದಿತ್ತು.

ಸಿಟ್ಟು ಯಾಕೆ ಅಂದರೆ ರಾಯರು ಹೇಳುವುದು ಸರಿಯಾಗಿರುತ್ತದೆ. ಬಡಾಯಿ ಅಲ್ಲ, ಎಲ್ಲವನ್ನೂ ಓದಿಯೇ ಹೇಳುವುದು. ನಿನ್ನೆ ಸಂಜೆ ವಚನಭಾರತವನ್ನು ಪೇಪರಿನಲ್ಲಿ ಸುತ್ತಿ ತಾವೇ ಮನೆಗೆ ತಂದುಕೊಟ್ಟರು. ಒಳಗೆ ಅವರ ಹೆಸರಿನ ರಬ್ಬರ್ ಸೀಲು, ಅದರ ಕೆಳಗೆ ಸಹಿ, ತಾರೀಖು. ತಪ್ಪು ಹುಡುಕೋಣ ಅಂತಲೇ ತೆರೆದೆ. ಹಾಳಾಗಿ ಹೋಗಲಿ, ಮಧ್ಯರಾತ್ರಿಯಾದರೂ ಕೆಳಗಿಡಲು ಆಗಲಿಲ್ಲ. ಅತ್ತ ಶಲ್ಯ ಮೊಮ್ಮಗಳ ಚಿಂತೆ ಮಾಡುತ್ತಾ ಹಾಗೇ ಕೂತಿದ್ದಾನೆ.

ನಮ್ಮಮ್ಮ ಮತ್ತು ಪಕ್ಕದ ಮನೆಯವರು ಕಾಂಪೌಂಡ್ ಗೋಡೆಯ ಮೇಲಿಂದಲೇ ಪುಸ್ತಕ ಬದಲಾಯಿಸಿಕೊಳ್ಳುತ್ತಿದ್ದರು. ತ್ರಿವೇಣಿ, ಎಂ. ಕೆ. ಇಂದಿರಾ, ಇಲ್ಲವೇ ವಾರಪತ್ರಿಕೆಯಿಂದ ಕಿತ್ತು ದಬ್ಬಣದಲ್ಲಿ ಹೊಲಿದು ರಟ್ಟು ಹಾಕಿದ ಧಾರಾವಾಹಿಗಳು. ಕತೆಯ ಬೆನ್ನಿಗೆ ಅರ್ಧ ಸೋಪಿನ ಜಾಹೀರಾತು ಅಂಟಿಕೊಂಡೇ ಬರುತ್ತಿತ್ತು. ‘ಚೆನ್ನಾಗಿದೆ ಕಣ್ರೀ, ಅಳು ಬರುತ್ತೆ’ ಅನ್ನುವುದೇ ವಿಮರ್ಶೆ. ಯಾವುದನ್ನು ಮೊದಲು ಓದಬೇಕು ಅಂತ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಸಿಕ್ಕಿದ್ದೇ ಮೊದಲು.

ಅಂಥದ್ದೊಂದು ಹೊಲಿಗೆಯ ಪುಸ್ತಕದಲ್ಲಿ ನಡುವಿನ ಒಂದು ಕಂತೇ ಇರಲಿಲ್ಲ. ಆ ವಾರದ ಸಂಚಿಕೆ ಯಾರ ಮನೆಯ ಡಬ್ಬದ ತಳಕ್ಕೆ ಹೋಗಿತ್ತೋ. ಆ ಭಾಗವನ್ನು ಅಮ್ಮ ಅಕ್ಕಿ ಆರಿಸುತ್ತಾ ಬಾಯಲ್ಲೇ ಹೇಳಿದ್ದರು. ನಾಯಕಿ ರಾತ್ರಿ ಬಸ್ಸು ಹತ್ತಿ ತವರಿಗೆ ಬರುತ್ತಾಳೆ, ಬಾಗಿಲು ತೆಗೆದ ಅಪ್ಪ ಒಂದು ಮಾತೂ ಕೇಳದೆ ಹಾಸಿಗೆ ಹಾಸಿಕೊಡುತ್ತಾರೆ. ಎಷ್ಟೋ ವರ್ಷದ ಮೇಲೆ ಅದೇ ಕಾದಂಬರಿಯ ಅಚ್ಚಾದ ಪ್ರತಿ ಸಿಕ್ಕಿತು. ನೋಡಿದರೆ ಅದರಲ್ಲಿ ಬಸ್ಸೂ ಇಲ್ಲ, ಅಪ್ಪನೂ ಇಲ್ಲ. ಅಮ್ಮನಿಗೂ ಆ ಕಂತು ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ಅವರು ಹೇಳಿದ್ದೇ ಚೆನ್ನಾಗಿತ್ತು. ಕೇಳೋಣ ಅಂದರೆ ಈಗ ಅವರಿಲ್ಲ.

ಇರಲಿ. ನಿನ್ನೆ ನಾವು ಏಳುವ ಹೊತ್ತಿಗೆ ಐಟಿ ಹುಡುಗಿಯ ತಮ್ಮ ಅವಳನ್ನು ಕರೆದುಕೊಂಡು ಹೋಗಲು ಬಂದ. ರಾಯರು ಬಿಡಲಿಲ್ಲ, ಕೂರಿಸಿ ‘ಈಗ ಏನು ಓದ್ತಾ ಇದ್ದೀಯಪ್ಪಾ?’ ಅಂದರು.

‘ಏನೂ ಓದ್ತಾ ಇಲ್ಲ ಅಂಕಲ್.’

ಇಂಥ ಉತ್ತರ ನಮಗ್ಯಾರಿಗೂ ಇಷ್ಟು ದಿನ ಹೊಳೆದೇ ಇರಲಿಲ್ಲ. ಏನನ್ನೂ ಓದದೇ ಇರುವುದಕ್ಕೆ ಪೂರ್ವತಯಾರಿ ಏನು ಬೇಕು? ಎಲ್ಲರೂ ರಾಯರನ್ನೇ ನೋಡಿದೆವು. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಲೋಟ ಖಾಲಿಯಾಗಿತ್ತು, ಆದರೂ ಅದನ್ನೆತ್ತಿ ಕೆಳಗಿಟ್ಟರು.

‘ಒಳ್ಳೇದು. ಬಹಳ ಒಳ್ಳೇದು. ಅದಕ್ಕಿಂತ ಮುಂಚೆ ಏನು ಓದ್ತಾ ಇದ್ದೆ?’